ನಾಯಿ ಸದಾ ಪಾದ ನೆಕ್ಕುತ್ತಿದೆಯೇ? ಮುಲಾಮು ಹುಡುಕುವ ಮೊದಲು ನೋಡಬೇಕಾದದ್ದು

ನಾಯಿ ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನಮ್ಮ ನಾಯಿ ಯಾವಾಗ ನೋಡಿದರೂ ಕಾಲು ನೆಕ್ಕುತ್ತಾ ಕೂತಿರುತ್ತೆ, ಏನು ಹಚ್ಚಲಿ?" ಮಳೆ ಹಿಡಿದರಂತೂ ಇದನ್ನು ಕೇಳುವವರು ಇಮ್ಮಡಿಯಾಗುತ್ತಾರೆ.

ಎಡವಟ್ಟಾಗುವುದು ಆ "ಏನು ಹಚ್ಚಲಿ" ಎಂಬಲ್ಲೇ. ನೆಕ್ಕುವುದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ನಾಯಿಗೆ ತುರಿಕೆಯಾದರೂ ನಾಲಿಗೆ, ನೋವಾದರೂ ನಾಲಿಗೆ, ಬೇಜಾರಾದರೂ ನಾಲಿಗೆ. ಮುಳ್ಳು ಚುಚ್ಚಿದ ಪಾದಕ್ಕೂ ಅಲರ್ಜಿಯ ಪಾದಕ್ಕೂ ಒಂದೇ ಮುಲಾಮು ಇರುವುದಿಲ್ಲ. ಹಚ್ಚಿದ್ದೆಲ್ಲ ಐದು ನಿಮಿಷದಲ್ಲಿ ಹೊಟ್ಟೆಗೆ ಹೋಗುತ್ತದೆ ಎಂಬುದು ಬೇರೆ ಮಾತು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಔಷಧಿ ಬರುವುದು ನಾಲ್ಕನೇ ಹಂತದಲ್ಲಿ.

ಈ ಲಕ್ಷಣಗಳಿದ್ದರೆ ಹಂತಗಳನ್ನು ಓದುತ್ತಾ ಕೂರಬೇಡಿ

ನಾಯಿ ಕಾಲೂರಲು ಒಪ್ಪುತ್ತಿಲ್ಲ, ರಕ್ತ ನಿಲ್ಲುತ್ತಿಲ್ಲ, ಕೀವು ಸೋರುತ್ತಿದೆ, ಊಟ ಬಿಟ್ಟು ಮಂಕಾಗಿದೆ ಎಂದರೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ. ತೋಟಕ್ಕೋ ಹುಲ್ಲಿಗೋ ಹೋಗಿ ಬಂದ ನಾಯಿಯ ಒಂದು ಪಾದ ನೋಡನೋಡುತ್ತಲೇ ಊದಿಕೊಂಡರೆ ಹಾವು ಕಡಿದಿರಬಹುದೆಂದೇ ತಿಳಿದು ಹೊರಡಿ. ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ.

ಇನ್ನೊಂದು ಮಾತನ್ನು ಹೇಳಲೇಬೇಕು. ರೇಬೀಸ್ ಲಸಿಕೆ ಹಾಕಿಸದ ನಾಯಿಗೆ ಕೆಲವು ವಾರ ಅಥವಾ ತಿಂಗಳ ಹಿಂದೆ ಬೇರೆ ಪ್ರಾಣಿ ಕಚ್ಚಿದ್ದು, ಈಗ ಅದೇ ಜಾಗವನ್ನು ಬಿಡದೆ ನೆಕ್ಕಿ ಕಡಿಯುತ್ತಿದ್ದರೆ, ಜೊತೆಗೆ ಸ್ವಭಾವವೂ ಬದಲಾಗಿದ್ದರೆ, ಅದನ್ನು ಮುಟ್ಟದೆ ಒಂಟಿಯಾಗಿ ಕೂಡಿಹಾಕಿ ವೈದ್ಯರಿಗೆ ತಿಳಿಸಿ. ಅದರ ಜೊಲ್ಲು ನಿಮ್ಮ ತರಚುಗಾಯಕ್ಕೆ ತಾಗಿದ್ದರೆ 15 ನಿಮಿಷ ಸೋಪು, ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಇದು ಅಪರೂಪ. ಆದರೆ ಇಲ್ಲಿ ತಪ್ಪಿದರೆ ಸರಿಪಡಿಸಲು ಇನ್ನೊಂದು ಅವಕಾಶ ಸಿಗುವುದಿಲ್ಲ.

ಬೇಕಾಗುವ ಸಾಮಾನು

ಮೊಬೈಲ್ ಟಾರ್ಚ್, ಸಣ್ಣ ಚಿಮಟ, ಕೈಗವಸು, ಎರಡು ಹಳೆಯ ಟವೆಲ್, ಪಾದ ಮುಳುಗುವಷ್ಟು ಅಗಲದ ಟಬ್ಬು, ಪೊವಿಡೋನ್ ಅಯೋಡಿನ್ ದ್ರಾವಣದ ಒಂದು ಬಾಟಲಿ, ಕೊರಳಿಗೆ ಹಾಕುವ ಕೋನ್, ಒಂದು ಪುಟ್ಟ ನೋಟ್‌ಬುಕ್. ನೋವಿದ್ದಾಗ ಎಂಥ ಸಾಧು ನಾಯಿಯೂ ಬಾಯಿ ಹಾಕಬಹುದು. ಬಾಯಿಕುಕ್ಕೆ ಇದ್ದರೆ ಅದನ್ನೂ ಹತ್ತಿರ ಇಟ್ಟುಕೊಳ್ಳಿ.

ಹಂತ 1: ಮೂರು ದಿನ ನೋಡಿ, ಬರೆದಿಡಿ

ತಿರುಗಾಡಿ ಬಂದು ಎರಡು ನಿಮಿಷ ಪಾದ ನೆಕ್ಕಿಕೊಂಡರೆ, ಮಲಗುವ ಮುನ್ನ ಒಂದಿಷ್ಟು ನೆಕ್ಕಿದರೆ ಅದು ಮೈ ಶುಚಿ ಮಾಡಿಕೊಳ್ಳುವ ಕೆಲಸ, ಬಿಟ್ಟುಬಿಡಿ. ಹೆಸರು ಹಿಡಿದು ಕರೆದರೂ ನಿಲ್ಲಿಸದಿದ್ದರೆ, ನಿದ್ದೆಯಿಂದ ಎದ್ದು ನೆಕ್ಕಿದರೆ, ಮುಂಭಾಗದ ಹಲ್ಲಿನಿಂದ ಕಡಿಯುತ್ತಿದ್ದರೆ, ಕೂದಲಿನ ಬಣ್ಣ ಬದಲಾಗಿದ್ದರೆ ಅದು ಅತಿಯಾಯಿತು ಎಂದು ತಿಳಿಯಿರಿ.

ಬಿಳಿ ಪಾಮ್, ಸ್ಪಿಟ್ಜ್, ತಿಳಿಬಣ್ಣದ ಲ್ಯಾಬ್ರಡಾರ್ ಸಾಕಿದವರು ಪಾದದ ಕೂದಲು ತುಕ್ಕು ಹಿಡಿದ ಹಾಗೆ ಕಂದಾದದ್ದನ್ನು ಕಂಡು ಗಾಬರಿಯಾಗುತ್ತಾರೆ. ಅದು ರಕ್ತವಲ್ಲ. ಜೊಲ್ಲಿನಲ್ಲಿ ಪೋರ್ಫಿರಿನ್ ಎಂಬ ಬಣ್ಣದ ವಸ್ತು ಇರುತ್ತದೆ, ದಿನವೂ ನೆಕ್ಕಿದ ಕೂದಲಿಗೆ ಅದೇ ಕಲೆಯಾಗಿ ಕೂರುತ್ತದೆ. ಕಲೆ ಇದೆಯೆಂದರೆ ನೆಕ್ಕುವುದು ಇಂದು ನಿನ್ನೆ ಶುರುವಾದದ್ದಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು ಇಷ್ಟೇ: ಯಾವ ಪಾದ, ಯಾವ ಹೊತ್ತು, ಅದಕ್ಕೆ ಮುಂಚೆ ಏನಾಯಿತು. ನೆಲ ಒರೆಸಿದ್ದು, ವಾಕಿಂಗ್, ಊಟ, ಮನೆಯವರೆಲ್ಲ ಹೊರಗೆ ಹೋದದ್ದು ಯಾವುದೂ ಆಗಬಹುದು. ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ನಿಂತ ನಾಯಿ ಗಾಬರಿಯಲ್ಲಿ ನೆಕ್ಕುವುದನ್ನೇ ಮರೆತುಬಿಡುತ್ತದೆ.

ಹಂತ 2: ಒಂದೇ ಪಾದವೋ, ಹಲವು ಪಾದವೋ?

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವಿರಾದರೆ ಈ ಪ್ರಶ್ನೆಯನ್ನು ನೆನಪಿಡಿ.

ಒಂದೇ ಪಾದವನ್ನು, ಅದರಲ್ಲೂ ಒಂದೇ ಬೆರಳನ್ನು ನೆಕ್ಕುತ್ತಿದ್ದರೆ ಕಾರಣ ಬಹುತೇಕ ಅಲ್ಲೇ ಇರುತ್ತದೆ. ಮುಳ್ಳು, ಸೀಳಿದ ಉಗುರು, ರಕ್ತ ಹೀರುವ ಉಣ್ಣೆ, ಗಾಜಿನ ಚೂರು, ಗಂಟು, ಕೀಲುನೋವು ಹೀಗೆ. ಎರಡೂ ಮುಂಗಾಲು ಅಥವಾ ನಾಲ್ಕೂ ಪಾದಗಳಾದರೆ ಕಾರಣ ಸಾಮಾನ್ಯವಾಗಿ ಇಡೀ ಮೈಯದ್ದು ಅಥವಾ ನಾಯಿ ತುಳಿಯುವ ನೆಲದ್ದು. ಮೊದಲ ಅನುಮಾನ ಅಲರ್ಜಿಯ ಮೇಲೆ, ಆಮೇಲೆ ಯೀಸ್ಟ್ ಸೋಂಕು, ಕಜ್ಜಿ ಹುಳ, ನೆಲ ಒರೆಸುವ ರಾಸಾಯನಿಕ.

ಪಾದದ ಜೊತೆ ಕಿವಿಯನ್ನೂ ನೋಡಿ. ಪಾದ ನೆಕ್ಕುವ ನಾಯಿ ಆಗಾಗ ಕಿವಿ ಕೊಡವುತ್ತಿದ್ದರೆ, ಹೊಟ್ಟೆ, ಕಂಕುಳು ಕೆಂಪಾಗಿದ್ದರೆ ಅಲರ್ಜಿಯ ಅನುಮಾನ ಗಟ್ಟಿಯಾಗುತ್ತದೆ.

ಹಂತ 3: ಟಾರ್ಚ್ ಹಿಡಿದು ಬೆರಳ ಸಂದು ತಪಾಸಣೆ

ನಾಯಿ ದಣಿದು ಮಲಗಿರುವಾಗ ಮಾಡಿ. ಇಬ್ಬರಿದ್ದರೆ ಸುಲಭ, ಒಬ್ಬರು ತಲೆಯ ಕಡೆ ಕೂತು ಮಾತಾಡಿಸುತ್ತಿರಲಿ. ನೆಕ್ಕದ ಪಾದದಿಂದ ಶುರು ಮಾಡಿದರೆ ಎರಡು ಲಾಭ: ನಾಯಿ ಬೆದರುವುದಿಲ್ಲ, ಆರೋಗ್ಯದ ಪಾದ ಹೇಗಿರುತ್ತದೆಂದು ನಿಮ್ಮ ಕಣ್ಣಿಗೂ ಗೊತ್ತಾಗುತ್ತದೆ.

ಮೊದಲು ಉಗುರು. ಬುಡದವರೆಗೆ ಸೀಳಿದೆಯೇ, ಅಲುಗುತ್ತಿದೆಯೇ ನೋಡಿ. ನೆಲ ಮುಟ್ಟದ ಒಳಬದಿಯ ಹೆಬ್ಬೆರಳ ಉಗುರನ್ನು ಎಲ್ಲರೂ ಮರೆಯುತ್ತಾರೆ. ಸವೆಯಲು ಅವಕಾಶವಿಲ್ಲದ ಅದು ಸುತ್ತಿಕೊಂಡು ಬೆಳೆದು ಚರ್ಮಕ್ಕೇ ಚುಚ್ಚುತ್ತದೆ. ನಮ್ಮ ಮನೆಯ ಕರಿಯ ಎರಡು ವಾರ ನೆಕ್ಕಿದ್ದು ಇದಕ್ಕೇ. ನಾನು ಅಷ್ಟು ದಿನವೂ ಅಂಗಾಲನ್ನೇ ತೊಳೆಯುತ್ತಿದ್ದೆ.

ಆಮೇಲೆ ಅಂಗಾಲಿನ ಮೆತ್ತೆ. ಬೇಸಿಗೆಯಲ್ಲಿ ಸುಟ್ಟ ಗುರುತು, ಗುಳ್ಳೆ, ಬಿರುಕು ಇರಬಹುದು. ಕಲಬುರಗಿ, ರಾಯಚೂರಿನ ಕಡೆಯವರಿಗೆ ಹೇಳಬೇಕಿಲ್ಲ, ಟಾರು ರಸ್ತೆ ಸೂರ್ಯ ಇಳಿದ ಮೇಲೂ ಕಾದೇ ಇರುತ್ತದೆ. ನಿಮ್ಮ ಹಿಂಗೈಯನ್ನು ರಸ್ತೆಯ ಮೇಲೆ 7 ಸೆಕೆಂಡ್ ಇಡಲಾಗದಿದ್ದರೆ ನಾಯಿಯನ್ನೂ ಅದರ ಮೇಲೆ ನಡೆಸಬೇಡಿ.

ಕೊನೆಗೆ ಬೆರಳ ಸಂದು. ಒಂದೊಂದನ್ನೂ ಮೇಲಿನಿಂದಲೂ ಅಡಿಯಿಂದಲೂ ಬಿಡಿಸಿ ನೋಡಿ. ನೆಗ್ಗಿಲು ಮುಳ್ಳು ಕಣ್ಣಿಗೆ ಕಾಣುತ್ತದೆ, ತೆಗೆದರೆ ಮುಗಿಯಿತು. ಆದರೆ ಹುಲ್ಲಿನ ಚೂಪಾದ ತೆನೆಮುಳ್ಳು ಹಾಗಲ್ಲ. ಅದು ಒಮ್ಮುಖವಾಗಿ ಒಳಕ್ಕೇ ಸರಿಯುತ್ತಾ ಹೋಗಿ, ಹೊರಗೆ ಸಣ್ಣ ತೂತು ಮಾತ್ರ ಉಳಿಯುತ್ತದೆ. ಒಸರುವ ತೂತು ಕಂಡರೆ ಕೆದಕಬೇಡಿ, ವೈದ್ಯರೇ ತೆಗೆಯಲಿ. ಕೆಂಪು ಗಂಟು ಅಥವಾ ಕೀವುಗುಳ್ಳೆ ಕಂಡರೆ ಹಿಸುಕಲೂಬೇಡಿ, ಅದು ಒಳಗೇ ಒಡೆದು ಇನ್ನಷ್ಟು ಹರಡುತ್ತದೆ.

ಉಣ್ಣೆಗೆ ಬೆರಳ ಸಂದು ಎಂದರೆ ತವರುಮನೆ. ಕೈಗವಸು ಹಾಕಿ, ಚಿಮಟವನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಎಳೆಯಿರಿ. ಸೋಪಿನ ನೀರಿಗೋ ಸ್ಪಿರಿಟ್ಟಿಗೋ ಹಾಕಿ. ಉಗುರಲ್ಲಿ ಕುಟ್ಟುವುದು, ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಬೇಡವೇ ಬೇಡ. ಉಣ್ಣೆ ಕಚ್ಚಿದ ನಾಯಿಗೆ ಮುಂದಿನ ವಾರಗಳಲ್ಲಿ ಜ್ವರ, ಊಟ ಬಿಡುವುದು, ಒಸಡು ಬಿಳಚುವುದು ಕಂಡರೆ ಉಣ್ಣೆಜ್ವರದ ರಕ್ತಪರೀಕ್ಷೆ ಮಾಡಿಸಿ.

ಹಾಗೆಯೇ ಒಮ್ಮೆ ಮೂಸಿ ನೋಡಿ. ನಗಬೇಡಿ, ಮೂಗಿಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡು ದಿನ ಹೊರಗೇ ಉಳಿದ ದೋಸೆಹಿಟ್ಟಿನಂಥ ಹುಳಿ ವಾಸನೆ, ಜಿಡ್ಡು, ಉಗುರಿನ ಬುಡದಲ್ಲಿ ಕಂದು ಕೊಳೆ ಇವು ಮೂರೂ ಸೇರಿದರೆ ಮಲಸೇಜಿಯಾ ಎಂಬ ಯೀಸ್ಟ್ ಬೆಳೆದಿರುವ ಸಾಧ್ಯತೆ ಹೆಚ್ಚು. ಯೀಸ್ಟ್ ಎಂದರೆ ಚರ್ಮದ ಮೇಲೆ ಮಾಮೂಲಾಗಿಯೇ ಇರುವ, ತೇವ ಸಿಕ್ಕರೆ ವಿಪರೀತ ಹೆಚ್ಚುವ ಸೂಕ್ಷ್ಮಜೀವಿ.

ಹಂತ 4: ಪಾದ ತೊಳೆಯಿರಿ, ಅದಕ್ಕಿಂತ ಮುಖ್ಯವಾಗಿ ಒಣಗಿಸಿ

ತೆರೆದ ಗಾಯ ಇಲ್ಲದಿದ್ದರೆ, ಬರೀ ಕೆಂಪು ಮತ್ತು ತುರಿಕೆ ಇದ್ದರೆ, ಇದನ್ನು ಮನೆಯಲ್ಲೇ ಮಾಡಬಹುದು.

1. ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತೆಗೆದುಕೊಂಡು, ತಿಳಿ ಕಷಾಯದ ಬಣ್ಣ ಬರುವಷ್ಟು ಮಾತ್ರ ಪೊವಿಡೋನ್ ಅಯೋಡಿನ್ ಹಾಕಿ. ಬಾಟಲಿಯ ಮೇಲೆ "ಸ್ಕ್ರಬ್" ಎಂದಿದ್ದರೆ ಅದು ಬೇಡ, ಅದರಲ್ಲಿ ಸೋಪಿನಂಶ ಇರುತ್ತದೆ. "ದ್ರಾವಣ" ಅಂದರೆ ಸೊಲ್ಯೂಷನ್ ಎಂದಿರುವುದೇ ಬೇಕು. ಥೈರಾಯ್ಡ್ ತೊಂದರೆಯಿರುವ ನಾಯಿಗೆ ವೈದ್ಯರನ್ನು ಕೇಳದೆ ಬಳಸಬೇಡಿ.
2. ಪಾದವನ್ನು 3ರಿಂದ 5 ನಿಮಿಷ ಮುಳುಗಿಸಿಡಿ. ಆ ನೀರನ್ನು ಕುಡಿಯಲು ಬಿಡಬೇಡಿ.
3. ತೆಗೆದು, ಬೆರಳ ಸಂದುಗಳಲ್ಲಿ ಟವೆಲ್ ತೂರಿಸಿ ಒತ್ತಿ ಒಣಗಿಸಿ. ಉಜ್ಜಬೇಡಿ.
4. ದಿನಕ್ಕೊಮ್ಮೆ, ಒಂದು ವಾರ ಸಾಕು. ಅಷ್ಟರಲ್ಲಿ ಇಳಿಮುಖ ಕಾಣದಿದ್ದರೆ ಹಂತ 6ಕ್ಕೆ ಹೋಗಿ.

ಯೀಸ್ಟ್ ಇದೆಯೆಂದು ವೈದ್ಯರು ಖಚಿತಪಡಿಸಿದರೆ ಕ್ಲೋರ್‌ಹೆಕ್ಸಿಡಿನ್ 2% ಮತ್ತು ಮೈಕೋನಜೋಲ್ 2% ಇರುವ ಶಾಂಪೂ ಬರೆದುಕೊಡುವುದು ರೂಢಿ. ವಾರಕ್ಕೆ ಎರಡು ಸಲ ಬಳಸಬೇಕು. ಜನ ತಪ್ಪುವುದು ಸಮಯದಲ್ಲಿ: ನೊರೆ ಹಚ್ಚಿದ ಮೇಲೆ 10 ನಿಮಿಷ ಗಡಿಯಾರ ನೋಡಿಕೊಂಡು ಬಿಡಬೇಕು. ಹಚ್ಚಿ ತಕ್ಷಣ ತೊಳೆದರೆ ದುಡ್ಡೂ ನೀರಿನ ಜೊತೆ ಹೋಯಿತು.

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿಸುವುದೇ ಅರ್ಧ ಚಿಕಿತ್ಸೆ. ಪ್ರತಿ ಸಲ ಒಳಬಂದಾಗ ಪಾದ ಒರೆಸಿ, ಬೆರಳ ಸಂದಿನ ಉದ್ದ ಕೂದಲನ್ನು ಕತ್ತರಿಸಿಡಿ. ಶಿಹ್ ತ್ಸು, ಗೋಲ್ಡನ್ ರಿಟ್ರೀವರ್‌ಗಳಿಗೆ ಇದು ಕಡ್ಡಾಯ. ಕತ್ತರಿಯ ಮೊನೆ ಚೂಪಿದ್ದರೆ ಬೇಡ, ಟ್ರಿಮ್ಮರ್ ಬಳಸಿ.

ಹಚ್ಚಬಾರದ್ದು, ಕೊಡಬಾರದ್ದು

ಕೊಬ್ಬರಿಎಣ್ಣೆ ನಮ್ಮ ಎಲ್ಲ ನೋವಿಗೂ ಮದ್ದು. ಆದರೆ ನಾಯಿಗೆ ಅದು ತಿಂಡಿ, ಹಚ್ಚಿದಷ್ಟೂ ಹೆಚ್ಚು ನೆಕ್ಕುತ್ತದೆ. ಅಲ್ಲದೆ ಮಲಸೇಜಿಯಾಗೆ ಜಿಡ್ಡೆಂದರೆ ಪ್ರೀತಿ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಫಿನಾಯಿಲ್, ಡೆಟಾಲ್ ಚರ್ಮವನ್ನು ಸುಡುತ್ತವೆ. ಹಸಿ ಚರ್ಮಕ್ಕೆ ವಿನೆಗರ್ ಹಾಕಿದರೆ ನಾಯಿ ಮತ್ತೆ ನಿಮ್ಮ ಕೈಗೆ ಪಾದ ಕೊಡುವುದಿಲ್ಲ.

ಮನೆಯ ಔಷಧಿ ಡಬ್ಬಿಯಲ್ಲಿರುವ, ಮನುಷ್ಯರಿಗಾಗಿ ತಂದ ಹುಳುಕಡ್ಡಿ ಮುಲಾಮುಗಳಲ್ಲಿ ಎಷ್ಟೋ ಬಾರಿ ತೀಕ್ಷ್ಣವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ನಿಂತಂತೆ ಕಂಡು, ಒಳಗಿನ ಸೋಂಕು ಬಲಿಯುತ್ತದೆ. ಡೈಕ್ಲೋಫೆನಾಕ್ ಇರುವ ನೋವಿನ ಜೆಲ್ ನೆಕ್ಕಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ಹಾನಿ ಆಗಬಹುದು. ಜಿಂಕ್ ಇರುವ ಕ್ರೀಮೂ ಹೊಟ್ಟೆ ಸೇರಬಾರದು. ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಸೆಟ್ರಿಜಿನ್ ನಾಯಿಯ ತುರಿಕೆಗೆ ಅಷ್ಟಕ್ಕಷ್ಟೇ. ಅದರ ಜೊತೆ ಬೇರೆ ಔಷಧಿ ಬೆರೆತ ನೆಗಡಿ ಮಾತ್ರೆಯಂತೂ ಅಪಾಯ.

ದನಗಳ ಮೈಗೆ ಹಾಕುವ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ಕಲಸಿ ನಾಯಿಗೆ ಸುರಿಯುವುದು ಹಳ್ಳಿಗಳಲ್ಲಿ ಈಗಲೂ ಇದೆ. ಪಾದ ನೆಕ್ಕುವ ನಾಯಿಗೆ ಅದನ್ನು ಹಾಕಿದರೆ ನೇರ ಬಾಯಿಗೇ ವಿಷ ಹಾಕಿದಂತೆ.

ಹಂತ 5: ನಾಲಿಗೆಗೂ ಪಾದಕ್ಕೂ ನಡುವೆ ತಡೆ

ನೆಕ್ಕಿದ ಚರ್ಮ ತೇವವಾಗುತ್ತದೆ, ತೇವದಲ್ಲಿ ಸೋಂಕು ಬೆಳೆಯುತ್ತದೆ, ಸೋಂಕು ಮತ್ತೆ ತುರಿಸುತ್ತದೆ. ಈ ಸುತ್ತನ್ನು ಒಂದು ಕಡೆ ಮುರಿಯಲೇಬೇಕು. "ಪಾಪ, ಕೋನ್ ಹಾಕಿದರೆ ಬೇಜಾರು ಮಾಡಿಕೊಳ್ಳುತ್ತೆ" ಎಂದು ಅರ್ಧ ದಿನಕ್ಕೇ ತೆಗೆಯುವವರೇ ಹೆಚ್ಚು. ಗಾಯ ಇದ್ದರೆ ತೆಗೆಯಬೇಡಿ. ಕೋನ್ ಮೂತಿಗಿಂತ ಎರಡು ಬೆರಳು ಮುಂದಿರಲಿ, ಕೊರಳಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಊಟದ ಬಟ್ಟಲನ್ನು ಸ್ವಲ್ಪ ಎತ್ತರಿಸಿಟ್ಟರೆ ತಿನ್ನಲು ತೊಡಕಾಗದು.

ಕಾಲುಚೀಲ ತೊಡಿಸಬಹುದು, ಆದರೆ ನೀವು ಕಣ್ಣಿಟ್ಟಿರುವಾಗ ಮಾತ್ರ. ಒದ್ದೆಯಾದ ಕಾಲುಚೀಲ ಇಲ್ಲದಿದ್ದರೇ ವಾಸಿ. ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವುದು, ಪ್ಲಾಸ್ಟಿಕ್ ಕವರ್ ಕಟ್ಟಿಡುವುದು ಬೇಡ. ರಕ್ತಸಂಚಾರ ನಿಂತು ಬೆರಳೇ ಕಳೆದುಕೊಂಡೀತು.

ಹಂತ 6: ವೈದ್ಯರಲ್ಲಿಗೆ ಹೋಗುವಾಗ

ವಾರದ ಮನೆಮದ್ದಿಗೆ ಜಗ್ಗದಿದ್ದರೆ ಅಥವಾ ಒಂದೇ ಬೆರಳು ವಾರಗಟ್ಟಲೆ ಊದಿಕೊಂಡೇ ಇದ್ದರೆ ಹೊರಡಿ. ವಯಸ್ಸಾದ ನಾಯಿಗಳಲ್ಲಿ, ಅದರಲ್ಲೂ ಕಪ್ಪು ಬಣ್ಣದ ದೊಡ್ಡ ತಳಿಗಳಲ್ಲಿ, ಉಗುರಿನ ಬುಡದ ಊತ ಕ್ಯಾನ್ಸರ್ ಗಡ್ಡೆಯೂ ಆಗಿರಬಹುದು. ಎಕ್ಸ್‌ರೇ ಮಾಡಿಸಲು ಹಿಂದೆಮುಂದೆ ನೋಡಬೇಡಿ.

ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಪಾದವನ್ನೂ ತೊಳೆಯಬೇಡಿ. ಕಾರಣವಿದೆ. ವೈದ್ಯರು ಮೊದಲು ಮಾಡಬೇಕಾದ ಪರೀಕ್ಷೆ ಎರಡು. ಒಂದು, ಅಂಟುಪಟ್ಟಿ ಪರೀಕ್ಷೆ: ಪಾರದರ್ಶಕ ಟೇಪನ್ನು ಬೆರಳ ಸಂದಿಗೆ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಯೀಸ್ಟ್, ಬ್ಯಾಕ್ಟೀರಿಯಾ ಹುಡುಕುವುದು. ಇನ್ನೊಂದು, ಚರ್ಮ ಕೆರೆತ ಪರೀಕ್ಷೆ: ಮೊಂಡು ಬ್ಲೇಡಿನಿಂದ ಕೆರೆದು ಕಜ್ಜಿ ಹುಳ ಹುಡುಕುವುದು. ಡೆಮೊಡೆಕ್ಸ್ ಎಂಬ ಹುಳ ರೋಮಕೂಪದೊಳಗೆ ಇರುತ್ತದೆ, ಮನುಷ್ಯರಿಗೆ ಹರಡುವುದಿಲ್ಲ. ಸಾರ್ಕಾಪ್ಟಿಸ್ ಎಂಬ ಇನ್ನೊಂದು ಹರಡುತ್ತದೆ, ಮನೆಯವರಿಗೂ ತುರಿಕೆ ಶುರುವಾಗಿದ್ದರೆ ಮುಚ್ಚಿಡದೆ ಹೇಳಿ. ಎರಡೂ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಏನನ್ನೂ ನೋಡದೆ ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ವಾರ ಹಾಯಾಗಿದ್ದು, ಮತ್ತೆ ಮೊದಲಿನ ಹಾಗೇ ಆಗುವುದನ್ನು ಬಹಳ ಸಲ ನೋಡಿದ್ದೇನೆ.

ಹತ್ತಿರದಲ್ಲಿ ಸಾಕುನಾಯಿಗಳ ಕ್ಲಿನಿಕ್ ಇಲ್ಲದವರು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಬಹುದು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ.

ಹಂತ 7: ಅಲರ್ಜಿ ಎಂದರೆ ಮುಂದೇನು?

ಇಲ್ಲಿ ತಾಳ್ಮೆ ಬೇಕು. ಅಲರ್ಜಿಯನ್ನು ಹತೋಟಿಯಲ್ಲಿ ಇಡಬಹುದು, ಬೇರುಸಹಿತ ಕೀಳುವುದು ಕಷ್ಟ.

ಮೊದಲ ಕೆಲಸ ಚಿಗಟ, ಉಣ್ಣೆಗಳನ್ನು ಲೆಕ್ಕದಿಂದ ತೆಗೆಯುವುದು. ತಿಂಗಳಿಗೊಮ್ಮೆ ಅಥವಾ 12 ವಾರಕ್ಕೊಮ್ಮೆ ಕೊಡುವ ಅಗಿಯುವ ಮಾತ್ರೆಗಳು ಸಿಗುತ್ತವೆ. ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ನಾಯಿಗಷ್ಟೇ ಔಷಧಿ ಕೊಟ್ಟರೆ ಸಾಲದು, ಉಣ್ಣೆ ಮೊಟ್ಟೆಯಿಡುವುದು ಗೋಡೆಯ ಬಿರುಕು, ಗೂಡಿನ ಮೂಲೆಯಲ್ಲಿ, ಅದೂ ಸಾವಿರಗಟ್ಟಲೆ. ಬಿರುಕು ಮುಚ್ಚಿಸಿ.

ಎರಡನೆಯದು ನೆಲ. ಫಿನಾಯಿಲ್ ಬಿಟ್ಟು ಎರಡು ವಾರ ಬರೀ ನೀರಿನಲ್ಲಿ ಒರೆಸಿ ನೋಡಿ. ವಾಕಿಂಗ್ ಜಾಗದಲ್ಲಿ ಕಾಂಗ್ರೆಸ್ ಗಿಡ ಬೆಳೆದಿದ್ದರೆ ದಾರಿ ಬದಲಿಸಿ. ಅದು ಮುಟ್ಟಿದರೆ ನಮಗೇ ಮೈ ಕೆರೆಯುತ್ತದೆ. ಮನೆಯ ಧೂಳಿನಲ್ಲಿರುವ ಅತಿಸಣ್ಣ ಹುಳಗಳೂ ದೊಡ್ಡ ಕಾರಣ, ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಇಂಥ ಅಲರ್ಜಿ ಹೆಚ್ಚಾಗಿ 6 ತಿಂಗಳಿಂದ 3 ವರ್ಷದೊಳಗೆ ಮೊದಲು ಕಾಣಿಸಿಕೊಳ್ಳುತ್ತದೆ.

ಮೂರನೆಯದು ಊಟ. ಆಹಾರದ ಅಲರ್ಜಿಯನ್ನು ನಂಬುವ ಹಾಗೆ ಹೇಳುವ ರಕ್ತಪರೀಕ್ಷೆ ಇಲ್ಲ, ಪಥ್ಯವೇ ಪರೀಕ್ಷೆ. ನಾಯಿ ಈವರೆಗೆ ತಿಂದೇ ಇರದ ಒಂದು ಮಾಂಸ, ಒಂದು ಪಿಷ್ಟ ಇಷ್ಟನ್ನೇ ಕನಿಷ್ಠ 8 ವಾರ ಕೊಡಬೇಕು. ಚಿಕನ್, ಅನ್ನದಲ್ಲೇ ಬೆಳೆದ ನಾಯಿಗೆ ಮುಳ್ಳು ತೆಗೆದ ಮೀನು, ಬೇಯಿಸಿದ ಗೆಣಸು ಆಗಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ಇಲ್ಲವೇ ವೈದ್ಯರು ಬರೆದುಕೊಡುವ, ಪ್ರೋಟೀನನ್ನು ಚಿಕ್ಕ ಚಿಕ್ಕ ತುಣುಕಾಗಿ ಒಡೆದು ಮಾಡಿದ ವಿಶೇಷ ಆಹಾರ. ಮರಿಗಳಿಗೆ ಮನೆಯಡುಗೆಯ ಪಥ್ಯ ಬೇಡ, ಪೋಷಕಾಂಶ ಸಾಲದು.

ಪಥ್ಯ ಕೆಡುವುದು ಅಡುಗೆಮನೆಯಲ್ಲಲ್ಲ, ಜಗಲಿಯಲ್ಲಿ. ಅಜ್ಜಿ ಪ್ರೀತಿಯಿಂದ ಕೊಡುವ ಮೊಸರನ್ನ, ಮಕ್ಕಳ ಕೈಯ ಗ್ಲೂಕೋಸ್ ಬಿಸ್ಕತ್ತು, ಪಕ್ಕದ ಮನೆಯ ಮೂಳೆ, ಚಿಕನ್ ರುಚಿಯ ಮಾತ್ರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಲಿನ ಪ್ರೋಟೀನು ನಾಯಿಗಳ ಸಾಮಾನ್ಯ ಅಲರ್ಜಿಗಳಲ್ಲೊಂದು, "ಒಂದು ತುತ್ತು ಮೊಸರನ್ನ ತಾನೇ" ಎನ್ನುವಂತಿಲ್ಲ. 8 ವಾರಕ್ಕೆ ನೆಕ್ಕುವುದು ಇಳಿದರೆ ಹಳೆಯ ಊಟವನ್ನೇ ಮತ್ತೆ ಕೊಟ್ಟು ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಕಾರಣ ಸಿಕ್ಕಿತು.

ಇವೆಲ್ಲದರ ನಡುವೆ ತುರಿಕೆ ತಡೆಯಲು ಓಕ್ಲಾಸಿಟಿನಿಬ್‌ನಂಥ ಮಾತ್ರೆಗಳಿವೆ. ವೈದ್ಯರ ಚೀಟಿ ಬೇಕೇಬೇಕು, 12 ತಿಂಗಳೊಳಗಿನ ನಾಯಿಗೆ ಕೊಡುವಂತಿಲ್ಲ.

ಹಂತ 8: ಬೇಜಾರು, ಆತಂಕದ ಸರದಿ ಕೊನೆಗೆ

"ಅದಕ್ಕೆ ಅಭ್ಯಾಸ ಆಗಿಬಿಟ್ಟಿದೆ" ಎನ್ನುವುದು ಬಹಳ ಸುಲಭದ ತೀರ್ಮಾನ. ಮೇಲಿನದೆಲ್ಲ ಅಲ್ಲ ಎಂದಾದ ಮೇಲಷ್ಟೇ ಅದನ್ನು ಒಪ್ಪಿ. ದಿನವಿಡೀ ಫ್ಲಾಟಿನಲ್ಲಿ ಒಂಟಿಯಾಗಿರುವ ಲ್ಯಾಬ್ರಡಾರ್, ಡಾಬರ್‌ಮನ್‌ಗಳು ಮುಂಗಾಲಿನ ಮಣಿಕಟ್ಟನ್ನು ನೆಕ್ಕಿ ನೆಕ್ಕಿ ಕೂದಲಿಲ್ಲದ ಗಟ್ಟಿ ಹುಣ್ಣು ಮಾಡಿಕೊಳ್ಳುವುದುಂಟು. ಅಲ್ಲೂ ಕೆಳಗೆ ಕೀಲುನೋವು ಇರಬಹುದು, ಆಳದ ಸೋಂಕಂತೂ ಸಾಮಾನ್ಯ. ದೀಪಾವಳಿಯ ಪಟಾಕಿ ದಿನಗಳಲ್ಲಿ ಮಾತ್ರ ನೆಕ್ಕುವ ನಾಯಿಗಳೂ ಇವೆ.

ನೆಕ್ಕುವಾಗ ಗದರಬೇಡಿ. ಅದಕ್ಕೆ ಬೈಗುಳವೂ ಮಾತಾಡಿಸಿದಂತೆಯೇ. ಹೆಸರು ಕರೆದು, ಎದ್ದು ಬಂದ ಮೇಲೆ ಆಟ ಕೊಡಿ. ವಾಕಿಂಗ್‌ನಲ್ಲಿ ಎಳೆದುಕೊಂಡು ಹೋಗದೆ ಮೂಸಲು ಬಿಡಿ. ಒಣ ಆಹಾರವಾದರೆ ಬಟ್ಟಲಿಗೆ ಸುರಿಯುವ ಬದಲು ಅಂಗಳದಲ್ಲಿ ಚೆಲ್ಲಿ ಹುಡುಕಲು ಹಚ್ಚಿ.

ನೆಕ್ಕುವುದು ನಿಂತ ಮೇಲೆ ಕೋನನ್ನು ಒಮ್ಮೆಗೇ ತೆಗೆಯಬೇಡಿ. ಮೊದಲು ಹಗಲಲ್ಲಿ ನಿಮ್ಮ ಕಣ್ಣೆದುರು ಒಂದು ಗಂಟೆ, ಎರಡು ದಿನ ಬಿಟ್ಟು ಅರ್ಧ ದಿನ, ಕೊನೆಗೆ ರಾತ್ರಿ. ಕಂದು ಕಲೆ ಹಾಗೇ ಇದ್ದರೆ ಚಿಂತೆ ಬೇಡ, ಬಣ್ಣ ಹಿಡಿದ ಕೂದಲು ಬೆಳೆದು ಉದುರಬೇಕಷ್ಟೇ. ಬುಡದಲ್ಲಿ ಹೊಸದಾಗಿ ಬರುತ್ತಿರುವ ಕೂದಲು ಬೆಳ್ಳಗಿದೆಯೇ ಎಂದು ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡುತ್ತಿರಿ.